ಚಕ್ಕಡಿಗೆ ಕಂಬಳಿಯ ಸೂರು

ಈಗ ನಮ್ಮ ಊರ ಅಗಸಿ ಬಾಗಿಲ ಮುಂದೆ ಸವದತ್ತಿಗೆ ಹೋಗುವ ಮೋಟಾರು ನಿಲ್ಲುತ್ತದೆ. ತಗಡಿನ ಸೂರು, ಅದರ ಮೇಲೆ ಹೇರಿದ ಸಾಮಾನು, ಸಾಮಾನಿನ ಮೇಲೆ ಬಿಗಿದ ತಾಡಪತ್ರಿ. ನೋಡಲು ಬಲು ಜೋರು. ಮಳೆಗಾಲದಲ್ಲಿ ಒಳಗೆ ಕೂತರೆ ತಗಡಿನ ಸಂದಿಯಿಂದ ನೀರು ನೇರವಾಗಿ ಸೆರಗಿನ ಮೇಲೆ ಬೀಳುತ್ತದೆ. ಯಾರೂ ಏನೂ ಅನ್ನುವುದಿಲ್ಲ, ಮೋಟಾರಿನಲ್ಲಿ ಕೂತದ್ದೇ ದೊಡ್ಡ ಪುಣ್ಯ ಎಂದು ಒರೆಸಿಕೊಳ್ಳುತ್ತಾರೆ. ನಾನು ಮಾತ್ರ ಸುಮ್ಮನಿರುವುದಿಲ್ಲ. ನಮ್ಮ ಅತ್ತೆ ಬದುಕಿದ್ದರೆ ಈ ಗಾಡಿಯನ್ನು ಅಗಸಿ ದಾಟಲು ಬಿಡುತ್ತಿರಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಮೊಮ್ಮಕ್ಕಳಿಗೆ ನಾಚಿಕೆಯಾಗುತ್ತದೆ, ಆಗಲಿ.

ನಾನು ಹೇಳುವುದು ನನ್ನ ಹದಿನೇಳನೆಯ ವರ್ಷದ ಮಾತು. ತವರು ಕಿತ್ತೂರಿನ ಹತ್ತಿರ, ಗಂಡನ ಮನೆ ರಾಮದುರ್ಗದ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ. ಚಕ್ಕಡಿಯಲ್ಲಿ ಮೂರು ದಿನದ ಹಾದಿ: ಕಟಕೋಳ, ಸವದತ್ತಿ, ಬೈಲಹೊಂಗಲ ದಾಟಿದರೆ ನನ್ನ ತವರೂರು. ನಾನು ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕಳಿಸುವುದು ನಮ್ಮ ರೂಢಿ. ಏಳು ತಪ್ಪಿದರೆ ಒಂಬತ್ತು. ಎಂಟರಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಒಂಬತ್ತರಲ್ಲಿ ಮೂರು ದಿನ ಚಕ್ಕಡಿಯಲ್ಲಿ ಕುಲುಕಿಸಿಕೊಂಡು ಹೋಗಲು ಯಾವ ಸೂಲಗಿತ್ತಿಯೂ ಒಪ್ಪುವುದಿಲ್ಲ. ಅಂದರೆ ಏಳರೊಳಗೆ ಹೊರಟರೆ ಅವ್ವನ ಮಗ್ಗುಲಲ್ಲಿ ಹೆರಿಗೆ, ಇಲ್ಲದಿದ್ದರೆ ಅತ್ತೆಯ ಮಗ್ಗುಲಲ್ಲಿ. ನನಗೆ ಅವ್ವ ಬೇಕಾಗಿದ್ದಳು. ಹಗಲೂ ರಾತ್ರಿ ಅದೊಂದೇ ಧ್ಯಾನ.

ಅತ್ತೆ ಮಾತು ಕಡಿಮೆಯ ಹೆಂಗಸು. ಮಾವ ತೀರಿದ ಮೇಲೆ ಹೊಲ ಮನೆ ಎರಡನ್ನೂ ಅವರೇ ನಡೆಸುತ್ತಿದ್ದರು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದರಿಂದ ಹಿಡಿದು ನೆಲದೊಳಗಿನ ಹಗೇವಿನ ಜೋಳದ ವಾಸನೆ ಹಿಡಿದು ಅದು ಕೆಟ್ಟಿದೆಯೋ ಇಲ್ಲವೋ ಹೇಳುವವರೆಗೆ ಅವರಿಗೆ ಬಾರದ ಕೆಲಸವಿರಲಿಲ್ಲ. ನನ್ನ ಗಂಡ ಅವರ ಮುಂದೆ ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ, ನಿಂತೇ ಮಾತಾಡುತ್ತಿದ್ದರು. ಗಂಡನಿಗಿಂತ ದೊಡ್ಡವಳಾದ ಒಬ್ಬ ಮಗಳೂ ಇದ್ದಳಂತೆ. ಅವಳು ಚೊಚ್ಚಲ ಹೆರಿಗೆಗೆ ಈ ಮನೆಗೆ ಬಂದು ತೀರಿಕೊಂಡಳಂತೆ. ನನಗೆ ಗೊತ್ತಿದ್ದದ್ದು ಇಷ್ಟೇ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಹೊಸದಾಗಿ ಬಂದ ನಾನು ಎತ್ತುವುದಂತೂ ದೂರವೇ ಉಳಿಯಿತು.

ಕುಬಸಕ್ಕೆ ಅಪ್ಪ ಬಂದಾಗ ಮಹಾನವಮಿ ಮುಗಿದಿತ್ತು, ಮಳೆ ಮುಗಿದಿರಲಿಲ್ಲ. ಊಟವಾದ ಮೇಲೆ ಅಪ್ಪ, ನಾಳೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅತ್ತೆ ಎಲೆ ಅಡಿಕೆಯ ತಾಟು ಅವನ ಕಡೆ ಸರಿಸಿ ಹೇಳಿದರು: "ಬಿಚ್ಚ ಚಕ್ಕಡ್ಯಾಗ ಸೊಸೀನ ನಾ ಕಳಸೂದಿಲ್ಲ, ಬೀಗರ. ತಲಿಮ್ಯಾಲೆ ಒಂದ ಹನಿ ಬೀಳದಂಗ, ಕಾಲ ಚಾಚಿ ಮಲಗೂವಂಗ ಸೂರ ಕಟ್ಟಿಕೊಂಡ ಬರ್ರಿ. ಆಮ್ಯಾಲೆ ಕರಕೊಂಡ ಹೋಗ್ರಿ."

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಹೊಲದಲ್ಲಿ ಕೆಲಸ ಬಿದ್ದಿದೆ, ಸೊಸೆಯನ್ನು ಬಿಡಲು ಮನಸ್ಸಿಲ್ಲ, ಅದಕ್ಕೆ ಮಳೆಯ ನೆಪ ಎಂದುಕೊಂಡೆ. ಆಗಿನ ಕಾಲದಲ್ಲಿ ನಮ್ಮ ಕಡೆ ಯಾರು ಚಕ್ಕಡಿಗೆ ಸೂರು ಕಟ್ಟುತ್ತಿದ್ದರು? ಸಂಸ್ಥಾನದ ಮನೆಯ ಹೆಂಗಸರು, ಇಲ್ಲವೇ ದೊಡ್ಡ ವ್ಯಾಪಾರಿಗಳು. ನಾವು ರೈತರು ಮಳೆ ಬಂದರೆ ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಳ್ಳುವವರು. ಅಪ್ಪನೂ ಕಡಿಮೆ ಹಟದವನಲ್ಲ. ಹಾಗೇ ಆಗಲಿ ಎಂದು ಎದ್ದು, ಮರುದಿನ ಖಾಲಿ ಚಕ್ಕಡಿ ಹೊಡೆದುಕೊಂಡು ಊರಿಗೆ ಹೊರಟುಹೋದ. ಏಳನೆಯ ತಿಂಗಳು ಮುಗಿಯಲು ಹನ್ನೆರಡು ದಿನ ಇದ್ದವು.

ಒಂಬತ್ತನೆಯ ದಿನ ಅಪ್ಪ ಬಂದ. ಬಂದ ರೀತಿಗೆ ಓಣಿಯೇ ಹೊರಗೆ ಬಂದು ನಿಂತಿತು. ಚಕ್ಕಡಿಯ ಮೇಲೆ ಬಿದಿರಿನ ಕಮಾನು, ಕಮಾನಿನ ಮೇಲೆ ಹಾಲಿನಂಥ ಬಿಳಿ ತಾಡಪತ್ರಿ. ಬೈಲಹೊಂಗಲದ ಹತ್ತಿರ ಯಾವನೋ ಸಾಹೇಬ ಬಿಟ್ಟುಹೋದ ಹಳೆಯ ಡೇರೆಯ ಬಟ್ಟೆಯಂತೆ ಅದು. ಅಪ್ಪ ಅದನ್ನು ಹೇಗೋ ಸಂಪಾದಿಸಿ, ತಾನೇ ಕತ್ತರಿಸಿ, ದಬ್ಬಣದಿಂದ ಹೊಲಿದು ಬಿಗಿದಿದ್ದ. ಎತ್ತುಗಳ ಕೊಂಬಿಗೆ ಗೊಂಡೆ ಬೇರೆ. ಅವನ ಮುಖ ನೋಡಿದರೆ ಮಗಳನ್ನು ಕರೆಯಲು ಬಂದವನಂತಿರಲಿಲ್ಲ, ದರಬಾರಿಗೆ ಬಂದವನಂತಿತ್ತು. ನನಗೂ ಹೆಮ್ಮೆಯಿಂದ ಎದೆ ತುಂಬಿತು. ಈಗ ಏನು ಹೇಳುತ್ತಾರೋ ನೋಡೋಣ ಎಂದು ಅತ್ತೆಯ ಕಡೆ ಕಣ್ಣು ಹಾಕಿದೆ.

ಅತ್ತೆ ಚಕ್ಕಡಿಯ ಸುತ್ತ ಒಂದು ಸುತ್ತು ಬಂದರು. ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿದರು, ಮೂಸಿದರು. ಆಮೇಲೆ ಸೆರಗು ತಲೆಗೆ ಹೊದ್ದು, ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಒಳಗೆ ಚಕ್ಕಳಮಕ್ಕಳ ಹಾಕಿ ಕೂತರು. ಕೂತು ನನ್ನ ಗಂಡನಿಗೆ, ಬಾವಿಯಿಂದ ನೀರು ತಂದು ಮೇಲೆ ಹೊಯ್ಯಲು ಹೇಳಿದರು. ಅಪ್ಪ ನಕ್ಕ. ಒಂದು ಕೊಡ ಬಿತ್ತು, ಏನೂ ಆಗಲಿಲ್ಲ. ಎರಡನೆಯದು ಬಿತ್ತು. ಮೂರನೆಯ ಕೊಡಕ್ಕೆ ಬಟ್ಟೆ ಬಣ್ಣ ತಿರುಗಿತು. ನಾಲ್ಕನೆಯದಕ್ಕೆ ಒಳಗೆ ಜಡಿಮಳೆ ಹಿಡಿಯಿತು. ಅತ್ತೆ ಕದಲಲಿಲ್ಲ. ಸೀರೆ ಮೈಗಂಟಿ, ಮೂಗಿನ ತುದಿಯಿಂದ ನೀರು ಇಳಿಯುತ್ತಿದ್ದರೂ ಕೂತಲ್ಲಿಂದಲೇ ಹೇಳಿದರು: "ಇನ್ನೊಂದ ಕೊಡ ಹಾಕಸ್ರಿ ಬೀಗರ. ನನ್ನ ಜಳಕ ಇನ್ನೂ ಪೂರ್ತಿ ಆಗವಲ್ದು."

ಓಣಿಯೆಲ್ಲ ನಕ್ಕಿತು. ಅಪ್ಪನ ಮುಖ ಸಪ್ಪಗಾಯಿತು. ಅವನು ನಂಬಲೇ ಇಲ್ಲ. ಸಾಹೇಬನ ಡೇರೆ ಮಳೆಗೆ ಸೋರುವುದೆಂದರೇನು? ತಿಂಗಳುಗಟ್ಟಲೆ ಬಯಲಲ್ಲಿ ನಿಂತ ಬಟ್ಟೆ. ಬರುವ ದಾರಿಯಲ್ಲಿ ಒಂದು ಹನಿ ಮಳೆ ಬಿದ್ದಿದ್ದರೆ ಅವನಿಗೂ ಗೊತ್ತಾಗುತ್ತಿತ್ತು, ಬಿದ್ದಿರಲಿಲ್ಲ. ಅತ್ತೆ ಇಳಿದು ಬಂದು, ಇದಕ್ಕೆ ನೀವು ಏನು ಮಾಡಿದಿರಿ ಎಂದು ವಿಚಾರಿಸಿದರು. ಆಗ ಹೊರಬಿತ್ತು. ಆ ಡೇರೆಯೊಳಗೆ ಸಾಹೇಬ ಏನೇನು ತಿಂದಿದ್ದನೋ, ಯಾವ ಮಾಂಸ ಬೇಯಿಸಿದ್ದನೋ. ಲಿಂಗ ಕಟ್ಟಿದ ಮನೆಯ ಬಸುರಿ ಮಗಳನ್ನು ಅದರ ಕೆಳಗೆ ಹಾಗೆಯೇ ಕೂರಿಸುವುದೇ? ಅಪ್ಪ ಅದನ್ನು ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಸವಳು ಮಣ್ಣು ಹಾಕಿ ಮೂರು ಸಲ ಕುದಿಸಿ, ಹಳ್ಳದ ಕಲ್ಲಿನ ಮೇಲೆ ಎತ್ತಿ ಎತ್ತಿ ಒಗೆದಿದ್ದ. ಮೊದಲು ಅದು ಮಾಸಲು ಹಸಿರು ಬಣ್ಣದ್ದು, ಮುಟ್ಟಿದರೆ ಜಿಡ್ಡು ಹತ್ತುತ್ತಿತ್ತಂತೆ. ಆ ಜಿಡ್ಡು ಹೋಗಿ ಬೆಳ್ಳಗಾಗುವವರೆಗೆ ಅವನು ಬಿಟ್ಟಿರಲಿಲ್ಲ.

"ತೊಳದದ್ದ ತಪ್ಪಲ್ಲ," ಎಂದರು ಅತ್ತೆ, ಸೆರಗು ಹಿಂಡುತ್ತ. "ಮಳಿ ತಡಿಯೂದು ಆ ಜಿಡ್ಡ ಇತ್ತು, ಬೀಗರ. ಮೈಲಿಗಿ ಜೋಡಿ ಅದೂ ಹೋತು."

ನಾನು ಆ ದಿನ ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಇನ್ನು ಮೂರೇ ದಿನ. ಅತ್ತದ್ದು ಅಪ್ಪನ ಪೆದ್ದುತನಕ್ಕೋ, ಅತ್ತೆಯ ಹಟಕ್ಕೋ ಗೊತ್ತಿಲ್ಲ. ಅತ್ತೆ ಒದ್ದೆ ಸೀರೆ ಬದಲಿಸಲು ಒಳಗೆ ಬಂದವರು ನನ್ನನ್ನು ನೋಡಿ, ಒಲೆಯ ಮೇಲಿನ ಸಾರು ಉಕ್ಕುತ್ತಿದೆ ಎಂದಷ್ಟೇ ಹೇಳಿ ಹೋದರು. ಅವರ ಮೇಲೆ ಅಂದು ನನಗೆ ಬಂದ ಸಿಟ್ಟನ್ನು ಈಗ ನೆನೆದರೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

ಸಂಜೆ ಜಗಲಿಯ ಮೇಲೆ ಸೂರಿನ ಪಂಚಾಯಿತಿ ನಡೆಯಿತು. ಅದೇ ಬಟ್ಟೆಗೆ ಅಗಸೆ ಎಣ್ಣೆ ಕುಡಿಸೋಣ ಎಂದ ಅಪ್ಪ. ಎಣ್ಣೆ ಒಣಗಲು ಎಂಟು ಹತ್ತು ದಿನದ ಬಿಸಿಲು ಬೇಕು, ಒಳಗೆ ಕಂದೀಲು ಹಚ್ಚಿದರೆ ಭಗ್ ಎಂದು ಹೊತ್ತಿಕೊಳ್ಳುತ್ತದೆ ಎಂದರು ಅತ್ತೆ. ಬಿದಿರಿನ ತಟ್ಟಿ ಕಟ್ಟೋಣ ಎಂದರು ನನ್ನ ಗಂಡ. ತಟ್ಟಿ ಗಾಳಿಗೆ ಏಳುತ್ತದೆ, ದಾರಿಯ ಜಾಲಿಮುಳ್ಳಿಗೆ ಸಿಕ್ಕರೆ ಅರ್ಧ ಅಲ್ಲಿಯೇ ಉಳಿಯುತ್ತದೆ. ತಗಡು? ಹಗಲು ಒಳಗಿದ್ದವಳು ಬೆಂದುಹೋಗುತ್ತಾಳೆ, ಮಳೆ ಬಂದರೆ ಸದ್ದಿಗೆ ಎತ್ತು ಬೆದರುತ್ತವೆ. ಎಲ್ಲರ ಬಾಯಿ ಮುಚ್ಚಿಸಿದ ಮೇಲೆ ಅತ್ತೆ ಕಂಬಳಿ ಎಂದರು.

ಮರುದಿನ ಬೆಳಿಗ್ಗೆ ಊರಿನ ಕುರುಬರ ಓಣಿಗೆ ಅಪ್ಪನ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಯಾಕೆಂದು ಆಗ ತಿಳಿಯಲಿಲ್ಲ. ನನಗೆ ಕಲಿಸಬೇಕೆಂದೇ ಇತ್ತು ಎಂದು ಈಗ ತಿಳಿಯುತ್ತದೆ. ನೇಯುವವನು ಹುಣಸೆ ಬೀಜದ ಸರಿ, ಅಂದರೆ ಗಂಜಿ, ಕುಡಿಸಿದ ಹತ್ತು ಕಂಬಳಿ ಹಾಸಿದ. ಚೆಂದನೆಯ ಅಂಚಿನವು ನನ್ನ ಕಣ್ಣಿಗೆ ಬಿದ್ದವು. ಅತ್ತೆ ಅಂಚನ್ನು ನೋಡಲೇ ಇಲ್ಲ. ಒಂದೊಂದನ್ನೂ ಬಿಸಿಲಿಗೆ ಎತ್ತಿ ಹಿಡಿದು ನನಗೆ ಕೆಳಗಿನಿಂದ ನೋಡಲು ಹೇಳಿದರು. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ಬೇಡ. ನಾಲ್ಕು ಉಳಿದವು. ಅವುಗಳಲ್ಲಿ ಒಮ್ಮೆ ನೀರಿಗೆ ಹಾಕಿ ಒಗೆದಿದ್ದ ಒಂದನ್ನು ಬೇಡವೆಂದು ತೆಗೆದಿಟ್ಟರು. ಉಣ್ಣೆಯ ಸ್ವಂತ ಜಿಡ್ಡು ಹೋಗಿರುತ್ತದಂತೆ. ಅಪ್ಪನ ಕಡೆ ನೋಡದೆಯೇ ಹೇಳಿದರು, ಪುಣ್ಯಕ್ಕೆ. ಮೂರು ಉಳಿದವು. ಒಂದೊಂದರ ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ತಂಬಿಗೆ ನೀರು ನಿಲ್ಲಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಅದು ಜಗಿದು ಮುಗಿಯುವವರೆಗೆ ಕೆಳಗೆ ತೊಟ್ಟಿಕ್ಕದ ಎರಡನ್ನು ಆರಿಸಿದರು. ಆರಿಸಿದವು ಎರಡೂ ಕರಿ ಕಂಬಳಿ, ಒರಟು, ಕುರಿ ಹಟ್ಟಿಯ ವಾಸನೆ.

ಕಟ್ಟುವ ಕೆಲಸದಲ್ಲಿ ಅಪ್ಪನನ್ನು ಅವರು ಬಿಡಲಿಲ್ಲ, ಅವಮಾನವನ್ನೂ ಮಾಡಲಿಲ್ಲ. ಕಮಾನು ಅವನದೇ ಇರಲಿ, ಚೆನ್ನಾಗಿ ಬಾಗಿಸಿದ್ದೀರಿ ಎಂದರು. ಕೂತವರ ತಲೆಯ ಮೇಲೆ ಒಂದು ಗೇಣು ಬಿಡುವಷ್ಟು ಮಾತ್ರ ಎತ್ತರಿಸಿದರು. ಮೇಲಿನ ಕಂಬಳಿ ಕೆಳಗಿನದರ ಮೇಲೆ ಒಂದು ಗೇಣು ಕೂರಬೇಕು, ಹೆಂಚು ಹೊದಿಸಿದ ಹಾಗೆ. ಹೊಲಿಯಲು ಅಪ್ಪ ತಂದ ಹತ್ತಿಯ ಹುರಿಯನ್ನು ಪಕ್ಕಕ್ಕಿಟ್ಟು ಉಣ್ಣೆಯ ದಾರ ಕೊಟ್ಟರು. ಹತ್ತಿ ನೀರು ಕುಡಿದು ಒಳಗೆ ಕರೆತರುತ್ತದೆ, ಉಣ್ಣೆ ಕರೆಯುವುದಿಲ್ಲ. ಅಂಚುಗಳು ಚಕ್ಕಡಿಯ ಮೈಯಿಂದ ಒಂದು ಮೊಳ ಹೊರಗೆ ಇಳಿಬಿದ್ದವು. ಹಿಂದೆ ಗೋಣಿತಟ್ಟಿನ ಪರದೆ. ಒಳಗೆ ಮೊಳಕಾಲೆತ್ತರ ಜೋಳದ ಕಣಿಕೆ, ಮೇಲೆ ಹೊಟ್ಟಿನ ಚೀಲ, ಅದರ ಮೇಲೆ ಎರಡು ಕೌದಿ. ಮತ್ತೆ ಹತ್ತಿ ಕೂತರು. ಮತ್ತೆ ನೀರು ಹೊಯ್ಯಿಸಿದರು. ಈ ಸಲ ಎಂಟು ಕೊಡ. ಇಳಿದಾಗ ಅವರ ಸೆರಗು ಒಣಗಿದಂತೆಯೇ ಇತ್ತು.

ಅಪ್ಪನ ಬಿಳಿ ತಾಡಪತ್ರಿ ಎತ್ತುಗಳ ಮೈಮೇಲೆ ಹೊದಿಸಲು ಹೋಯಿತು. ಎತ್ತು ಸಾಹೇಬರಾದವು ಎಂದು ಅಪ್ಪನೇ ನಗೆಯಾಡಿದ.

ಏಳನೆಯ ತಿಂಗಳ ಕೊನೆಯ ದಿನದ ಹಿಂದಿನ ದಿನ ಹೊರಟೆವು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಗಡಿಗೆಯಲ್ಲಿ ಮೊಸರು ಕಟ್ಟಿಕೊಟ್ಟು, ಉಡಿ ತುಂಬಿ, ಅತ್ತೆ ಚಕ್ಕಡಿಯ ಹಿಂದೆ ಬಂದು ಒಂದೇ ಮಾತು ಹೇಳಿದರು: "ಮಳಿ ಬರೂವಾಗ ಕಂಬಳಿ ಒಳಗಿಂದ ಮುಟ್ಟಬ್ಯಾಡ. ಮುಟ್ಟಿದಲ್ಲೇ ಸೋರತೈತಿ. ಮರತ ಮುಟ್ಟಿದರ, ಅಲ್ಲಿಂದ ಬೆರಳ ಎತ್ತದ ಕೆಳಗ ಅಂಚಿನ ಮಟಾ ಎಳಕೊಂಡ ಹೋಗು."

ತಲೆಯಾಡಿಸಿದೆ. ಕೊನೆಗೂ ಬಿಟ್ಟರಲ್ಲ ಎಂಬ ಸಂತೋಷದಲ್ಲಿ ಅರ್ಧ ಕೇಳಿದೆ, ಅರ್ಧ ಬಿಟ್ಟೆ.

ಆ ಪ್ರಯಾಣದಂಥ ಸುಖವನ್ನು ನಾನು ಮತ್ತೆ ಕಂಡಿಲ್ಲ. ಬಿಸಿಲಿನಲ್ಲಿ ಕಂಬಳಿಯ ಕೆಳಗೆ ತಂಪು, ಮುಂದಿನಿಂದ ಹಿಂದಕ್ಕೆ ಗಾಳಿ. ಎರಡೂ ಕಡೆ ಹತ್ತಿ, ಜೋಳ, ಕುಸುಬಿಯ ಹೊಲ. ಹೊತ್ತು ಮುಳುಗುವಾಗ ಕಟಕೋಳ ಮುಟ್ಟಿದೆವು. ಒಂದು ಹೊಲದ ಬದುವಿನಲ್ಲಿ ಅಪ್ಪ ಎತ್ತು ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ನೊಗದ ಕೆಳಗೆ ಕವಲುಗೂಟ ನಿಲ್ಲಿಸಿದ. ಚಕ್ಕಡಿ ಮನೆಯ ನೆಲದ ಹಾಗೆ ಸಮ ನಿಂತಿತು. ಹಾವಿನ ಭಯವಿಲ್ಲ, ಚೇಳಿನ ಭಯವಿಲ್ಲ, ನೆಲದ ಥಂಡಿಯಿಲ್ಲ. ಎತ್ತುಗಳು ಕೆಳಗೆ ಮೆಲುಕು ಹಾಕುವುದನ್ನು ಕೇಳುತ್ತ ನಾನು ಕಾಲು ಚಾಚಿ ಮಲಗಿದೆ. ಬೆಳಗಾದಾಗ ಸುತ್ತಲ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿತ್ತು, ನನ್ನ ಕೌದಿ ಬೆಚ್ಚಗಿತ್ತು.

ಎರಡನೆಯ ದಿನ ಮಧ್ಯಾಹ್ನ ಸವದತ್ತಿ ಇನ್ನೂ ದೂರವಿರುವಾಗಲೇ ಪಡುವಣದಲ್ಲಿ ಮೋಡ ಕಪ್ಪಾಯಿತು. ಚಿತ್ತಿ ಮಳೆ, ಹೇಳಿ ಕೇಳಿ ಬರುವಂಥದ್ದಲ್ಲ. ಎರೆಮಣ್ಣಿನ ದಾರಿ ಒಂದು ಗಳಿಗೆಯಲ್ಲಿ ಅಂಟಾಗಿ ಗಾಲಿಗಳು ಕೆಸರು ಮೆತ್ತಿ ಎರಡರಷ್ಟು ದಪ್ಪವಾದವು. ಅಪ್ಪ ಹೇಗೋ ಕಲ್ಲುಮಣ್ಣಿನ ಗರಸು ದಿನ್ನೆಯೊಂದಕ್ಕೆ ಚಕ್ಕಡಿ ಏರಿಸಿ, ಎತ್ತುಗಳಿಗೆ ತಾಡಪತ್ರಿ ಹೊದಿಸಿ, ಒಳಗೆ ಬಂದು ಮುಂಭಾಗದಲ್ಲಿ ಕೂತ. ಅಲ್ಲಿಂದ ಸಂಜೆಯ ತನಕ ಆ ಮಳೆ ಬಿಡಲಿಲ್ಲ. ಹೊರಗೆ ಹತ್ತು ಮಾರು ದೂರದ ಬೇವಿನ ಮರ ಕಾಣುತ್ತಿರಲಿಲ್ಲ. ಎದುರಿನಿಂದ ಒಂದು ಬಿಚ್ಚು ಚಕ್ಕಡಿ ಹೋಯಿತು. ಅದರಲ್ಲಿದ್ದವರು ಒಬ್ಬರಿಗೊಬ್ಬರು ಅಂಟಿಕೊಂಡು, ಗೋಣಿಚೀಲ ಹೊದ್ದು ನಡುಗುತ್ತಿದ್ದರು. ನಮ್ಮ ಕಂಬಳಿ ಮಳೆಯನ್ನು ಮೈಮೇಲೆ ಹಾಕಿಕೊಂಡು ಗಟ್ಟಿಯಾಗಿ ನಿಂತಿತ್ತು. ಕುತೂಹಲ ತಡೆಯದೆ, ಒಳಗೂ ತೇವ ಬಂದಿದೆಯೋ ನೋಡೋಣ ಎಂದು ನಾನು ಬೆರಳು ಚಾಚಿ ಮುಟ್ಟಿದೆ.

ಮುಟ್ಟಿದ ಗಳಿಗೆಯಲ್ಲಿಯೇ ಅಲ್ಲಿ ಒಂದು ಹನಿ ಮೂಡಿತು. ಹನಿ ದಪ್ಪವಾಗಿ ನನ್ನ ಹೊಟ್ಟೆಯ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು, ಆಮೇಲೆ ಧಾರೆ. ಅಪ್ಪ ಅಂಗೈ ಒಡ್ಡಿದ, ತಂಬಿಗೆ ಹಿಡಿದ, ಕೌದಿ ಎಳೆದ. ಇನ್ನೂ ಒಂದು ಕಡೆ ಮುಟ್ಟಿ ಇನ್ನೊಂದು ಸೋರಿಕೆ ತೆರೆಯುವುದರಲ್ಲಿದ್ದ. ಆಗ ನನಗೆ ಅರ್ಧ ಕೇಳಿ ಬಿಟ್ಟ ಮಾತು ನೆನಪಾಯಿತು. ಅವನ ಕೈ ಹಿಡಿದು ತಡೆದು, ಹನಿ ಬೀಳುವಲ್ಲಿ ಬೆರಳಿಟ್ಟು, ಎತ್ತದೆ, ಕಮಾನಿನ ಬಾಗು ಹಿಡಿದು ಕೆಳಗೆ ಅಂಚಿನವರೆಗೂ ಎಳೆದೆ. ನೀರು ಬೆರಳಿನ ಬೆನ್ನು ಹತ್ತಿ ಬಂತು. ಬೆರಳು ತೆಗೆದ ಮೇಲೂ ಅದೇ ಗೆರೆ ಹಿಡಿದು ಇಳಿದು ಚಕ್ಕಡಿಯ ಹೊರಗೆ ಹೋಯಿತು. ನನ್ನ ಮೇಲೆ ಮತ್ತೊಂದು ಹನಿ ಬೀಳಲಿಲ್ಲ.

ಅಪ್ಪ ಬಗ್ಗಿ ಆ ಗೆರೆಯನ್ನು ಅಂಚಿನವರೆಗೂ ನೋಡಿದ. ಆಮೇಲೆ, "ನಿಮ್ಮತ್ತಿ ಮುಂದ ನಾ ಸೋತೆ, ತಂಗಿ," ಎಂದ. ಸೋತೆ ಎಂಬ ಮಾತನ್ನು ಅಪ್ಪನ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ನನಗೂ ಅನ್ನಿಸಿದ್ದು ಅದೇ. ಇಷ್ಟೆಲ್ಲ ಈ ಹೆಂಗಸಿಗೆ ಹೇಗೆ ಗೊತ್ತು, ಯಾರು ಕಲಿಸಿದರು ಎಂದು ಆ ಮಳೆಯಲ್ಲಿ ಕೂತು ಯೋಚಿಸಿದೆ, ತಿಳಿಯಲಿಲ್ಲ. ಸಿಟ್ಟು ಮಾತ್ರ ಎಲ್ಲಿಯೋ ಹೋಗಿತ್ತು. ಮಳೆಗೆ ಅರ್ಧ ದಿನ, ಕೆಸರಿಗೆ ಇನ್ನರ್ಧ ದಿನ ಹೋಗಿ, ನಾಲ್ಕನೆಯ ದಿನ ಸಂಜೆ ಊರು ಸೇರಿದೆವು. ಅವ್ವ ಮೊದಲು ನನ್ನ ಮೈ ಮುಟ್ಟಿ ನೋಡಿದಳು. ಬೆಚ್ಚಗೆ, ಒಣಗಿದ ಮೈ.

ಅವ್ವನ ಮಗ್ಗುಲಲ್ಲೇ ಹೆರಿಗೆಯಾಯಿತು. ಹೆಣ್ಣು. ಐದು ತಿಂಗಳು ತುಂಬಿದ ಮೇಲೆ ಅಪ್ಪ ಅದೇ ಚಕ್ಕಡಿಯಲ್ಲಿ, ಅದೇ ಕಂಬಳಿಯ ಕೆಳಗೆ ನನ್ನನ್ನೂ ಕೂಸನ್ನೂ ರಾಮದುರ್ಗದ ಕಡೆ ಕರೆತಂದ. ಬೇಸಿಗೆ ಇನ್ನೂ ಮುಗಿದಿರಲಿಲ್ಲ, ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ರೊಟ್ಟಿಯ ತುಣುಕು ನಿವಾಳಿಸಿ ಎಸೆದು, ಕಾಲಿಗೆ ನೀರು ಹಾಕಿ, ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡವರು ಒಳಗೆ ಹೋಗದೆ ಚಕ್ಕಡಿಯ ಹಿಂದೆ ಬಂದರು. ಪರದೆ ಸರಿಸಿ, ತಲೆ ಒಳಗೆ ಹಾಕಿ, ಕಂಬಳಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಹುಣಸೆ ಬೀಜದ ಸರಿ ತಿಂದ ಕರಿ ಕಂಬಳಿ. ನೀರು ಹರಿದಲ್ಲಿ ಸರಿ ಕದಡಿ, ಒಣಗಿ, ನನ್ನ ಬೆರಳಿನ ಗೆರೆ ನಡುನೆತ್ತಿಯಿಂದ ಅಂಚಿನವರೆಗೂ ಬೆಳ್ಳಗೆ ಉಳಿದಿತ್ತು.

ನಾನು ತಲೆ ತಗ್ಗಿಸಿದೆ. ಬೈಗುಳ ಬರುತ್ತದೆ ಎಂದು ಕಾದೆ. ಹೇಳಿದ್ದನ್ನು ಕೇಳಲಿಲ್ಲ, ತಪ್ಪಾಯಿತು ಎಂದೆ.

ಅತ್ತೆ ಆ ಗೆರೆಯ ಮೇಲೆ ತಮ್ಮ ಬೆರಳಿಟ್ಟು, ನಾನು ಎಳೆದ ಹಾಗೆಯೇ ಮೇಲಿನಿಂದ ಕೆಳಗೆ ಎಳೆದರು. "ಮುಟ್ಟಿದ್ರ ಮುಟ್ಟಿದಿ, ಬಿಡು," ಎಂದರು. "ನನ್ನ ಮಗಳನ್ನ ಹೆರಿಗಿಗೆ ನಾನ ಹೋಗಿ ಕರಕೊಂಡ ಬಂದೆ, ಬಿಚ್ಚ ಚಕ್ಕಡ್ಯಾಗ. ದಾರ್ಯಾಗ ಇಂಥದ ಮಳಿ. ಆಕಿಗೆ ಮುಟ್ಟಾಕ ತಲಿಮ್ಯಾಲೆ ಏನೂ ಇರಲಿಲ್ಲ."

ಆಮೇಲೆ ಕೂಸಿನ ತಲೆಗೆ ಬಿಸಿಲು ಬೀಳದಂತೆ ಸೆರಗು ಮುಚ್ಚಿ, ಮನೆಯೊಳಗೆ ಹೋದರು.